ಅಮ್ಮನ ಶುಗರ್‌ಗೆ ಎರಡು ಬಾಗಿಲು

ಅಮ್ಮನಿಗೆ ಶುಗರ್ ಬಂದು ಒಂಬತ್ತು ವರ್ಷ. ಮೊದಲ ಆರು ವರ್ಷ ಬೆಂಗಳೂರಿನ ಹನುಮಂತನಗರದಲ್ಲಿ ಮನೆ ಹತ್ತಿರದ ಖಾಸಗಿ ಡಾಕ್ಟರನ್ನೇ ನಂಬಿದ್ದೆವು. ಅಪ್ಪ ರಿಟೈರ್ ಆದ ಮೇಲೆ ತಿಂಗಳ ಖರ್ಚು ಭಾರವಾಗಿ, ವಾರ್ಡಿನ ಸರ್ಕಾರಿ ಕ್ಲಿನಿಕ್ಕಿಗೂ ಹೋಗತೊಡಗಿದೆವು.

ದುಡ್ಡಿನ ವಿಷಯದಲ್ಲಿ ಹೋಲಿಸುವಂಥದ್ದೇನೂ ಇಲ್ಲ. ಖಾಸಗಿಯಲ್ಲಿ ಫೀಸು 600, ಮಾತ್ರೆ ಸೇರಿ ತಿಂಗಳಿಗೆ 2,000 ದಾಟುತ್ತಿತ್ತು. ಸರ್ಕಾರಿ ಕ್ಲಿನಿಕ್ಕಿನಲ್ಲಿ ತಪಾಸಣೆ, ಮಾತ್ರೆ ಎರಡೂ ಉಚಿತ. ಅಲ್ಲಿ ಸಿಗದಿದ್ದದ್ದನ್ನು ಜನೌಷಧಿ ಕೇಂದ್ರದಲ್ಲಿ ಕೊಳ್ಳುತ್ತೇವೆ.

ನಾನು ಎಣಿಸಿದ್ದಕ್ಕೆ ಉಲ್ಟಾ ಆದದ್ದು ಆರೈಕೆಯಲ್ಲಿ. ಸರ್ಕಾರಿ ಕ್ಲಿನಿಕ್ಕಿನ ನರ್ಸಮ್ಮ ಎರಡನೇ ಭೇಟಿಯಲ್ಲೇ "ಅಮ್ಮಾ, ಚಪ್ಪಲಿ ಬಿಡಿ, ಪಾದ ನೋಡೋಣ" ಅಂದರು. ಹಿಮ್ಮಡಿಯಲ್ಲಿ ಗುಳ್ಳೆ ಒಡೆದು ಹುಣ್ಣಾಗಿತ್ತು. ಅಮ್ಮನಿಗೆ ನೋವೇ ಗೊತ್ತಾಗಿರಲಿಲ್ಲ. ಶುಗರ್ ನರಗಳನ್ನು ಜೋಮು ಹಿಡಿಸಿದರೆ ಹೀಗೇ ಆಗುತ್ತದೆ. ಆರು ವರ್ಷದಲ್ಲಿ ಯಾರೂ ಆ ಪಾದ ನೋಡಿರಲಿಲ್ಲ ಎಂದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಾಗಂತ ಖಾಸಗಿ ಡಾಕ್ಟರನ್ನು ಬಿಡಲಿಲ್ಲ. ಒಂದು ಬೆಳಗಿನ ಜಾವ ಐದೂವರೆಗೆ ಅಮ್ಮ ಬೆವೆತು ನಡುಗುತ್ತಾ ಎದ್ದು ಕೂತರು. ಗ್ಲುಕೋಮೀಟರ್ 52 ತೋರಿಸಿತು, ಶುಗರ್ ತೀರಾ ಇಳಿದಿತ್ತು. ಆ ಹೊತ್ತಿಗೆ ಫೋನ್ ಎತ್ತಿದವರು ಅವರೊಬ್ಬರೇ. "ಮೊದಲು ಸಕ್ಕರೆ ನೀರು ಕುಡಿಸಿ. ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. ಆಮೇಲೆ ಮನೇಲಿರೋ ಎಲ್ಲಾ ಮಾತ್ರೆ ಸ್ಟ್ರಿಪ್ ತನ್ನಿ" ಅಂದರು. ಮೇಜಿನ ಮೇಲೆ ಹರಡಿದಾಗ ಗೊತ್ತಾಯಿತು: ಅವರು ಕಂಪನಿ ಹೆಸರಿನಲ್ಲಿ ಬರೆದ ಮಾತ್ರೆಯಲ್ಲೂ ಶುಗರ್ ಇಳಿಸುವ ಗ್ಲಿಮೆಪಿರೈಡ್, ಕ್ಲಿನಿಕ್ಕಿನವರು ಕೊಟ್ಟದ್ದೂ ಗ್ಲಿಮೆಪಿರೈಡ್. ಹೆಸರು ಬೇರೆ ಅಂತ ಅಮ್ಮ ಎರಡನ್ನೂ ನುಂಗುತ್ತಿದ್ದರು. ಒಬ್ಬರ ಚೀಟಿಯನ್ನು ಇನ್ನೊಬ್ಬರಿಗೆ ತೋರಿಸಬೇಕಾದವಳು ನಾನು, ತೋರಿಸಿರಲಿಲ್ಲ.

ಅಂದೇ 200 ಪುಟದ ನೋಟ್‌ಬುಕ್ ತಂದೆ. ಔಷಧದ ಮೂಲ ಹೆಸರು, ಎಷ್ಟು ಮಿಲಿಗ್ರಾಂ, ಯಾರು ಬರೆದದ್ದು, ಯಾವತ್ತು ನಿಲ್ಲಿಸಿದ್ದು, ಎಲ್ಲಾ ಅದರಲ್ಲೇ. ಎರಡೂ ಕಡೆ ಮೊದಲು ಅದನ್ನೇ ಮುಂದಿಡುತ್ತೇನೆ.

ಈಗ ತಿಂಗಳ ಮಾತ್ರೆ, ಬಿಪಿ, ಪಾದ ಸರ್ಕಾರಿ ಕ್ಲಿನಿಕ್ಕಿಗೆ. ಮೂರು ತಿಂಗಳ ಶುಗರ್ ಸರಾಸರಿ ಹೇಳುವ ಎಚ್‌ಬಿಎ1ಸಿ ರಕ್ತಪರೀಕ್ಷೆ, ಡೋಸ್ ಬದಲಾವಣೆ ಖಾಸಗಿಯಲ್ಲಿ. ವರ್ಷಕ್ಕೊಮ್ಮೆ ಕಣ್ಣಿನ ರೆಟಿನಾ ತೋರಿಸಲು ಮಾರ್ಕೆಟ್ ಹತ್ತಿರದ ಮಿಂಟೋ ಕಣ್ಣಾಸ್ಪತ್ರೆ. ಡ್ರಾಪ್ಸ್ ಹಾಕಿದರೆ ಕೆಲವು ಗಂಟೆ ಕಣ್ಣು ಮಂಜು, ಜೊತೆಗೊಬ್ಬರು ಇರಲೇಬೇಕು. ಒಂದೇ ಆರಿಸಿ ಅಂದರೆ, ಹಳೇ ಶುಗರ್‌ಗೆ ನಾನು ಸರ್ಕಾರಿ ಕ್ಲಿನಿಕ್ಕನ್ನೇ ಆರಿಸುತ್ತೇನೆ, ಆ ಪಾದದ ಕಾರಣಕ್ಕೆ.

ಕಳೆದ ತಿಂಗಳು ಖಾಸಗಿ ಡಾಕ್ಟರು ನೋಟ್‌ಬುಕ್ಕಿನಲ್ಲಿ ಕ್ಲಿನಿಕ್ ಡಾಕ್ಟರ ಬರಹದ ಕೆಳಗೇ ಬರೆದರು: "ಇದೇ ಮುಂದುವರಿಸಿ. ನಾನು ಬೇರೆ ಬರೆಯುವುದಿಲ್ಲ."