ಬಾತ್, ಟನ್‌ಬ್ರಿಡ್ಜ್ ವೆಲ್ಸ್, ಚೆಲ್ಟನ್‌ಹ್ಯಾಮ್: ಯಾವ ಕಾಯಿಲೆಗೆ ಯಾವ ನೀರು, ಮನೆಗೆ ಸುದ್ದಿ ಹೇಗೆ

ಜಾರ್ಜ್ ದೊರೆಗಳ ಕಾಲದ (1714–1830) ಇಂಗ್ಲೆಂಡಿನಲ್ಲಿ ಯಜಮಾನರ ಕಾಲಿಗೆ ಗೌಟ್ (ಕೀಲು ಊದಿ ನೋಯುವ ಕಾಯಿಲೆ) ಬರಲಿ, ಮಗಳ ಮುಖ ಬಿಳಿಚಿಕೊಳ್ಳಲಿ, ಭಾರತದಿಂದ ಮರಳಿದ ನೆಂಟರ ಯಕೃತ್ತು ಕೆಡಲಿ, ವೈದ್ಯರು ಹೇಳುತ್ತಿದ್ದುದು ಒಂದೇ: ಖನಿಜ ನೀರು ಉಕ್ಕುವ ಬುಗ್ಗೆಯೂರಿಗೆ ಹೋಗಿ ನೀರು ಕುಡಿಯಿರಿ. ಯಾವ ಊರು ಎಂಬುದನ್ನು ಮಾತ್ರ ಎಷ್ಟೋ ಕುಟುಂಬಗಳು ಕಾಯಿಲೆ ನೋಡಿ ಆರಿಸಲಿಲ್ಲ, ಅಲ್ಲಿ ಯಾರ್ಯಾರು ಬಂದಿದ್ದಾರೆ ಎಂದು ನೋಡಿ ಆರಿಸಿದವು. ಈ ನೀರುಗಳು ಒಂದರಂತೆ ಇನ್ನೊಂದಿಲ್ಲ. ನಾಲಿಗೆಯ ಮೇಲಿಟ್ಟರೇ ವ್ಯತ್ಯಾಸ ತಿಳಿಯುತ್ತದೆ. ಅಂದಿನ ದಾಖಲೆಗಳ ಪಕ್ಕದಲ್ಲಿಟ್ಟು ನೋಡಿದರೆ ಯಾವುದು ಯಾರಿಗೆ ನಿಜಕ್ಕೂ ಒದಗಿತು ಎಂಬುದೂ ತಿಳಿಯುತ್ತದೆ.

ಬಾತ್

ನೀರು ನೆಲದಿಂದಲೇ ಸುಮಾರು 46 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ದಿನಕ್ಕೆ ಹನ್ನೊಂದು ಲಕ್ಷ ಲೀಟರಿಗೂ ಹೆಚ್ಚು ಉಕ್ಕುತ್ತದೆ. ಬುಗ್ಗೆಯ ನೀರು ಕುಡಿಯಲು ಕೊಡುವ ಸಭಾಂಗಣವಾದ ಪಂಪ್ ರೂಮಿನ ಲೋಟದಲ್ಲಿ ಅದು ಉಗುರು ಬೆಚ್ಚಗೆ, ಚಪ್ಪೆಯಾಗಿ, ಕೊನೆಯಲ್ಲಿ ಸ್ವಲ್ಪ ಕಬ್ಬಿಣದ ರುಚಿ ಬಿಟ್ಟು ಇಳಿಯುತ್ತದೆ. ಕುಡಿಯಲು ಕಷ್ಟವಿಲ್ಲ, ಆದರೆ ಈ ಊರಿನ ಬಲ ಕುಡಿಯುವುದರಲ್ಲಿ ಇಲ್ಲ, ಮುಳುಗುವುದರಲ್ಲಿದೆ.

ಕ್ರಮ ಹೀಗಿತ್ತು. ಬೆಳಗ್ಗೆ 6ರಿಂದ 9ರೊಳಗೆ ಸ್ನಾನ. ಒದ್ದೆಯಾದರೂ ಮೈಗೆ ಅಂಟದ ದಪ್ಪ ಕ್ಯಾನ್ವಾಸ್ ನಿಲುವಂಗಿ ತೊಟ್ಟು, ಸಹಾಯಕರ ಕೈ ಹಿಡಿದು ಕತ್ತಿನ ಮಟ್ಟದ ನೀರಿಗೆ ಇಳಿಯಬೇಕು. ಎದ್ದ ಕೂಡಲೇ ಕಂಬಳಿ ಸುತ್ತಿಕೊಂಡು, ಮುಚ್ಚಿದ ಪಲ್ಲಕ್ಕಿಯಲ್ಲಿ ಬಿಡಾರಕ್ಕೆ ಹೋಗಿ, ಹಾಸಿಗೆಯಲ್ಲಿ ಬೆವರಬೇಕು. ಆಮೇಲೆ ಪಂಪ್ ರೂಮಿನಲ್ಲಿ ಅರ್ಧ ಪೈಂಟಿನ (ಸುಮಾರು ಕಾಲು ಲೀಟರ್) ಲೋಟದಲ್ಲಿ ಎರಡು ಮೂರು ಸಲ ನೀರು, ಲೋಟ ಲೋಟದ ನಡುವೆ ಅಡ್ಡಾಟ. ಒಂದು ಕೈಯೋ ಕಾಲೋ ಮಾತ್ರ ಹಿಡಿದುಕೊಂಡಿದ್ದರೆ ‘ಒಣ ಪಂಪಿಂಗ್’: ಬಟ್ಟೆ ಬಿಚ್ಚದೆ ಕೂತು ಆ ಅಂಗದ ಮೇಲೆ ಮಾತ್ರ ಬಿಸಿನೀರು ಹೊಡೆಸಿಕೊಳ್ಳುವುದು. ವೈದ್ಯರು ಪಂಪಿನ ಏಟುಗಳನ್ನು ಎಣಿಸಿ ಬರೆದುಕೊಡುತ್ತಿದ್ದರು.

ಇಲ್ಲಿ ನಿಜವಾಗಿ ಗುಣ ಕಂಡವರು ಲಕ್ವದವರು, ಅದರಲ್ಲೂ ಸೀಸದ ವಿಷ ಮೈಗೇರಿದವರು. ಬಣ್ಣ ಬಳಿಯುವವರು, ಕೊಳಾಯಿ ಕೆಲಸದವರು, ಡೆವನ್ ಪ್ರಾಂತ್ಯದಲ್ಲಿ ಸೈಡರ್ ಎಂಬ ಸೇಬಿನ ಮದ್ಯ ಕುಡಿದು ಹೊಟ್ಟೆನೋವು, ಕೈ ಜೋಲುವುದು ಹಿಡಿಸಿಕೊಂಡವರು. ಸೈಡರಿನ ಗಾಣದಲ್ಲಿದ್ದ ಸೀಸವೇ ಕಾರಣ ಎಂದು ವೈದ್ಯ ಜಾರ್ಜ್ ಬೇಕರ್ 1767ರಲ್ಲಿ ತೋರಿಸಿದರು. ಕತ್ತಿನವರೆಗೆ ನೀರಿನಲ್ಲಿ ಕೂತರೆ ನೀರಿನ ಒತ್ತಡಕ್ಕೆ ಕಾಲು ಹೊಟ್ಟೆಗಳ ರಕ್ತ ಎದೆಯ ಕಡೆ ಸರಿಯುತ್ತದೆ, ಮೂತ್ರಪಿಂಡಗಳು ಹೆಚ್ಚು ಮೂತ್ರ ಇಳಿಸುತ್ತವೆ, ಅದರೊಂದಿಗೆ ಸೀಸವೂ ಹೊರಹೋಗುತ್ತದೆ. ಇದನ್ನು 1980ರ ದಶಕದ ಪ್ರಯೋಗಗಳು ದೃಢಪಡಿಸಿದವು. 1742ರಲ್ಲಿ ಬಾಗಿಲು ತೆರೆದ ಅಲ್ಲಿನ ಖನಿಜಜಲ ಆಸ್ಪತ್ರೆ ಬಡರೋಗಿಗಳನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತಿತ್ತು. ಅಷ್ಟು ದಿನ ಅವರು ಸೀಸದ ಕೆಲಸದಿಂದ ದೂರ ಇರುತ್ತಿದ್ದರು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸೇರಿಸಿಕೊಳ್ಳುವಾಗ 3 ಪೌಂಡ್ ಠೇವಣಿ ಕೇಳುತ್ತಿದ್ದರು, ಊರಿಗೆ ಮರಳುವ ಖರ್ಚಿಗೆ ಅಥವಾ ಮಣ್ಣು ಮಾಡುವ ಖರ್ಚಿಗೆ. ಕುಟುಂಬದವರಿಗೆ ಇಷ್ಟು ಮುಚ್ಚುಮರೆಯಿಲ್ಲದೆ ನಡೆದುಕೊಂಡ ಸಂಸ್ಥೆ ಆ ಊರಿನಲ್ಲಿ ಬೇರೆ ಇರಲಿಲ್ಲ ಎಂದೇ ನನ್ನ ಅಭಿಪ್ರಾಯ.

ಗೌಟಿನವರ ಕಥೆ ಅಷ್ಟು ಸಲೀಸಲ್ಲ. ನೋವು ಭುಗಿಲೆದ್ದಿರುವಾಗ ಬಿಸಿನೀರು ಅದನ್ನು ಹೆಚ್ಚಿಸುತ್ತದೆ. ನೋವು ಇಳಿದ ಮೇಲೆ ಕೀಲು ಸಡಿಲವಾಗಲು ಅದು ಒಳ್ಳೆಯದು. ಬೆಳಗ್ಗೆ ಸ್ನಾನ ಮಾಡಿ ರಾತ್ರಿ ಪೋರ್ಟ್ ವೈನ್, ಮಾಂಸಕ್ಕೆ ಕೂತರೆ ಎಷ್ಟು ವಾರ ಇದ್ದರೂ ಗುಣವಿಲ್ಲ. ಬಾತ್‌ನ ವೈದ್ಯ ಜಾರ್ಜ್ ಚೇನ್ ಹಾಲು ತರಕಾರಿಯ ಪಥ್ಯ ಹೇಳಿದ್ದು ಸುಮ್ಮನೆ ಅಲ್ಲ. ಎಲ್ಲರೂ ಒಂದೇ ಕೊಳದಲ್ಲಿ ಇಳಿಯುತ್ತಿದ್ದುದು ಇನ್ನೊಂದು ತೊಂದರೆ, ಚರ್ಮರೋಗದವರ ಪಕ್ಕದಲ್ಲೇ ಗಾಯವಿದ್ದವರು. ಇವತ್ತು ರೋಮನ್ ಕೊಳದ ಹಸಿರು ನೀರನ್ನು ಮುಟ್ಟಲೂ ಬಿಡುವುದಿಲ್ಲ. ಅಮೀಬಾ ಸೋಂಕಿನಿಂದ 1978ರಲ್ಲಿ ಸಾವು ಸಂಭವಿಸಿದ ಮೇಲೆ ಹಳೆಯ ಕೊಳಗಳಲ್ಲಿ ಸ್ನಾನ ನಿಂತಿತು. ಕುಡಿಯಲು ಕೊಡುವುದು ಬೇರೆ ಕೊಳವೆಬಾವಿ ಕೊರೆದು ತೆಗೆದು ಶುದ್ಧಮಾಡಿದ ನೀರು.

ಟನ್‌ಬ್ರಿಡ್ಜ್ ವೆಲ್ಸ್

1606ರಲ್ಲಿ ಲಾರ್ಡ್ ನಾರ್ತ್ ಕಂಡುಕೊಂಡ ಬುಗ್ಗೆ. ತಣ್ಣೀರು, ಕುಡಿಯುವುದಕ್ಕೆ ಮಾತ್ರ. ಬಾಯಿಗೆ ಹಾಕಿದರೆ ತುಕ್ಕು ಹಿಡಿದ ಮೊಳೆ ನೆಕ್ಕಿದಂತೆ. ರಕ್ತಹೀನತೆಯಿಂದ ಬಿಳಿಚಿಕೊಂಡ, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಹುಡುಗಿಯರಿಗೆ ಈ ಮೂರು ಊರುಗಳಲ್ಲಿ ಕಾರಣಕ್ಕೆ ಅತಿ ನೇರವಾಗಿ ತಾಗುವ ನೀರು ಇದು, ಏಕೆಂದರೆ ಇದರಲ್ಲಿ ಕರಗಿದ ಕಬ್ಬಿಣ ಹೆಚ್ಚು.

ಇದನ್ನು ಬುಗ್ಗೆಯ ಬಾಯಲ್ಲೇ, ನೀರು ಮೊಗೆದುಕೊಡುವ ‘ಡಿಪ್ಪರ್’ ಹೆಂಗಸರ ಕೈಯಿಂದ ತಗೊಂಡು ತಕ್ಷಣ ಕುಡಿಯಬೇಕಿತ್ತು. ಗಾಳಿ ತಾಗಿದಂತೆ ಕರಗಿದ ಕಬ್ಬಿಣ ಆಮ್ಲಜನಕದೊಂದಿಗೆ ಕೂಡಿ ಕಂದು ಗಸಿಯಾಗಿ ತಳಕ್ಕಿಳಿಯುತ್ತದೆ. ಬಾಟಲಿಯಲ್ಲಿ ಮನೆಗೆ ಒಯ್ದವರು ಒಯ್ದದ್ದು ಬರೀ ನೀರು ಮತ್ತು ತಳದ ತುಕ್ಕು. ಇನ್ನೊಂದು ತಪ್ಪು ಎಲ್ಲರಿಗೂ ರೂಢಿಯಾಗಿತ್ತು: ನೀರು ಕುಡಿದು ನೇರ ಚಹಾದ ತಿಂಡಿಗೆ ಹೋಗುವುದು. ಚಹಾದ ಒಗರು ಕಬ್ಬಿಣವನ್ನು ಹಿಡಿದಿಟ್ಟು ಮೈಗೆ ಸೇರಗೊಡುವುದಿಲ್ಲ. ಒಂದು ಗಂಟೆ ತಡೆದಿದ್ದರೆ ಅದೇ ನೀರು ಇನ್ನಷ್ಟು ಕೆಲಸ ಮಾಡುತ್ತಿತ್ತು. ಹಲ್ಲು ಕಪ್ಪಾಗುವುದು, ಮಲಬದ್ಧತೆ, ಕಪ್ಪು ಮಲ ಇವು ಇದ್ದದ್ದೇ.

ಬಾತ್‌ನ ಸೀಸನ್ ಶರತ್ಕಾಲದಿಂದ ವಸಂತದವರೆಗೆ, ಇಲ್ಲಿಯದು ಬೇಸಿಗೆ. ಹಾಗಾಗಿಯೇ ಬಾತ್‌ನ ಸಮಾರಂಭಗಳ ಯಜಮಾನ ಬೋ ನ್ಯಾಷ್ 1735ರಿಂದ ಎರಡೂ ಊರುಗಳನ್ನು ಆಳಲು ಸಾಧ್ಯವಾಯಿತು.

ಚೆಲ್ಟನ್‌ಹ್ಯಾಮ್

ಉಪ್ಪು, ಅದರ ಹಿಂದೆಯೇ ಕಹಿ. ಭೇದಿಗೆ ಕೊಡುವ ಲವಣಗಳು ಈ ನೀರಿನಲ್ಲೇ ಇವೆ. ಬರಿಹೊಟ್ಟೆಯಲ್ಲಿ ಅರ್ಧ ಪೈಂಟಿನಿಂದ ಶುರುಮಾಡಿ, ಕೆಲಸ ಮಾಡುವಷ್ಟಕ್ಕೆ ಏರಿಸುವುದು ಕ್ರಮ. ಮಲಬದ್ಧತೆಗೆ, ಅತಿಯಾಗಿ ಉಂಡವರಿಗೆ ತಕ್ಷಣದ ನೆಮ್ಮದಿ. ಯಕೃತ್ತಿನ ಕಾಯಿಲೆಗೆಂದು ಈಸ್ಟ್ ಇಂಡಿಯಾ ಕಂಪನಿಯವರು ಇಲ್ಲಿಗೆ ಮುಗಿಬಿದ್ದರು, ಆದರೆ ಭೇದಿಯಾದರೆ ಯಕೃತ್ತು ಸರಿಹೋಗುವುದಿಲ್ಲ. ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಅಧಿಕಾರ ನಡೆಸಿದ್ದ ಆರ್ಥರ್ ವೆಲ್ಲೆಸ್ಲಿ, ವೆಲಿಂಗ್ಟನ್ ಡ್ಯೂಕ್ ಆಗಿ 1816ರಲ್ಲಿ ಇಲ್ಲಿಗೆ ಬಂದಿದ್ದರು. 1788ರ ಬೇಸಿಗೆಯಲ್ಲಿ ದೊರೆ ಮೂರನೇ ಜಾರ್ಜ್ ಐದು ವಾರ ಇದ್ದು ಊರಿಗೆ ಹೆಸರು ತಂದರು. ಆ ಶರತ್ಕಾಲದಲ್ಲೇ ಅವರ ಬುದ್ಧಿಭ್ರಮಣೆ ಶುರುವಾದಾಗ ಕೆಲವರು ನೀರನ್ನೇ ದೂರಿದರು. ಅದಕ್ಕೆ ಆಧಾರವಿಲ್ಲ. ಬಲವಿಲ್ಲದ ರೋಗಿಗೆ ವಾರಗಟ್ಟಲೆ ಭೇದಿ ಮಾಡಿಸಿದರೆ ಇರುವ ಶಕ್ತಿಯೂ ಹೋಗುತ್ತದೆ ಎಂಬುದು ಮಾತ್ರ ನಿಜ. ಇದರ ಒಂದು ಅನುಕೂಲವೆಂದರೆ ಲವಣವನ್ನು ಬತ್ತಿಸಿ ಮಾರುತ್ತಿದ್ದರು, ಮನೆಗೆ ಒಯ್ದರೂ ಗುಣ ಕೆಡುತ್ತಿರಲಿಲ್ಲ.

ಉಳಿದ ಬುಗ್ಗೆಯೂರುಗಳಲ್ಲಿ ಹ್ಯಾರೊಗೇಟ್‌ನ ಗಂಧಕದ ನೀರು ಕೊಳೆತ ಮೊಟ್ಟೆಯ ವಾಸನೆಯದು, ಚರ್ಮರೋಗಕ್ಕೆ ಆಗಬಹುದು. ಬಕ್ಸ್‌ಟನ್ 28 ಡಿಗ್ರಿಯ ಹಿತವಾದ ನೀರು, ರುಚಿಯಲ್ಲಿ ಎಲ್ಲಕ್ಕಿಂತ ಮೇಲು. ಕ್ಷಯದವರನ್ನು ಬ್ರಿಸ್ಟಲ್ ಹಾಟ್‌ವೆಲ್ಸ್‌ಗೆ ಕಳಿಸುತ್ತಿದ್ದರು, ಅದೂ ಕೈಮೀರಿದ ಮೇಲೆ. ಕಳಿಸಲೇಬಾರದಿತ್ತು. ನೀರಿನಿಂದ ಕ್ಷಯಕ್ಕೆ ಏನೂ ಆಗಲಿಲ್ಲ, ಬಿಡಾರದಲ್ಲಿ ಜೊತೆಗಿದ್ದ ಅಕ್ಕತಂಗಿಯರಿಗೆ ಅಂಟುವ ದಾರಿ ಮಾತ್ರ ತೆರೆಯಿತು.

ಖರ್ಚು ಮತ್ತು ಅಂಚೆ

ಹದಿನೆಂಟನೇ ಶತಮಾನದ ನಡುವಿನಲ್ಲಿ ಬಾತ್‌ನ ಸೀಸನ್ ಬಾಡಿಗೆ ಕೋಣೆಗೆ ವಾರಕ್ಕೆ 10 ಶಿಲ್ಲಿಂಗ್, ಆಳುಗಳ ಅಟ್ಟಕ್ಕೆ 5. ನಾಲ್ಕು ಕೋಣೆ, ಎರಡು ಅಟ್ಟ ಹಿಡಿದರೆ ಎರಡೂವರೆ ಪೌಂಡ್ (ಪೌಂಡಿಗೆ 20 ಶಿಲ್ಲಿಂಗ್), ಊಟ ಬೇರೆ. 1816ರಲ್ಲಿ ಚೆಲ್ಟನ್‌ಹ್ಯಾಮ್‌ನ ಮುಖ್ಯ ಬೀದಿಯಲ್ಲಿ ಅಕ್ಕ ಕಸ್ಸಾಂಡ್ರಾ ವಾರಕ್ಕೆ ಮೂರು ಗಿನಿ (ಗಿನಿಗೆ 21 ಶಿಲ್ಲಿಂಗ್) ತೆತ್ತಾಗ, ಬೀದಿಯ ಹೆಸರಿಗೇ ದುಡ್ಡು ಕೀಳುತ್ತಿದ್ದಾರೆ ಎಂದು ಕಾದಂಬರಿಗಾರ್ತಿ ಜೇನ್ ಆಸ್ಟಿನ್ ಪತ್ರದಲ್ಲಿ ಸಿಟ್ಟಾಗಿದ್ದರು.

ಪತ್ರದ ದುಡ್ಡು ಕೊಡುತ್ತಿದ್ದವರು ಪಡೆಯುವವರು. 1812ರ ದರದಲ್ಲಿ ಲಂಡನ್ನಿಗೆ ಒಂದು ಹಾಳೆಗೆ ಟನ್‌ಬ್ರಿಡ್ಜ್ ವೆಲ್ಸ್‌ನಿಂದ 7 ಪೆನ್ನಿ, ಬಾತ್ ಮತ್ತು ಚೆಲ್ಟನ್‌ಹ್ಯಾಮ್‌ನಿಂದ 9, ಹ್ಯಾರೊಗೇಟ್‌ನಿಂದ 11. ಎರಡು ಹಾಳೆಯಾದರೆ ಎರಡರಷ್ಟು, ಲಕೋಟೆಯೂ ಒಂದು ಹಾಳೆಯ ಲೆಕ್ಕ. ಆದ್ದರಿಂದ ಹಾಳೆಯನ್ನೇ ಮಡಚಿ ಅರಗು ಹಾಕಬೇಕು, ಜಾಗ ಸಾಲದಿದ್ದರೆ ಹಾಳೆ ತಿರುಗಿಸಿ ಬರೆದ ಸಾಲುಗಳ ಮೇಲೆ ಅಡ್ಡಲಾಗಿ ಬರೆಯಬೇಕು. ಪಾರ್ಲಿಮೆಂಟ್ ಸದಸ್ಯರ ಸಹಿ ಸಿಕ್ಕರೆ ಪುಕ್ಕಟೆ, ಆದರೆ 1784ರ ನಂತರ ವಿಳಾಸ, ಊರು, ತಾರೀಕು ಎಲ್ಲವೂ ಅವರ ಕೈಬರಹದಲ್ಲೇ ಇರಬೇಕಿತ್ತು. ದೊಡ್ಡವರು ಸೇರುವ ಬಾತ್ ಇದಕ್ಕೆ ವಾಸಿ. ಅದೇ ವರ್ಷ ಆಗಸ್ಟ್ 2ರಂದು ಬ್ರಿಸ್ಟಲ್‌ನಿಂದ ಬಾತ್ ಮೂಲಕ ಲಂಡನ್ನಿಗೆ ಮೊದಲ ಅಂಚೆಗಾಡಿ ಓಡಿತು. ಸಂಜೆ ಹಾಕಿದ ಪತ್ರ ಮರುದಿನ ಬೆಳಗ್ಗೆ ರಾಜಧಾನಿಯಲ್ಲಿ. ಬಾತ್ ಕ್ರಾನಿಕಲ್ ಪತ್ರಿಕೆಯ ಆಗಮನ ಪಟ್ಟಿ ಯಾರು ಬಂದರು ಎಂದಷ್ಟೇ ಹೇಳುತ್ತಿತ್ತು, ಹೇಗಿದ್ದಾರೆ ಎಂದಲ್ಲ.

ಆರೋಗ್ಯದ ಸುದ್ದಿಗೆ 1799ರ ಜೂನ್‌ನಲ್ಲಿ ಜೇನ್ ಬಾತ್‌ನಿಂದ ಬರೆದದ್ದು ಒಳ್ಳೆಯ ಮಾದರಿ: ಅಣ್ಣ ಎಡ್ವರ್ಡ್ ಯಾವ ಪಂಪಿನ ನೀರು ಕುಡಿಯುತ್ತಿದ್ದಾನೆ, ಸ್ನಾನ ಯಾವಾಗ, ವಿದ್ಯುತ್ ಚಿಕಿತ್ಸೆ ಯಾವ ದಿನ, ಅದರಿಂದ ಮನೆಯವರು ಏನನ್ನೂ ನಿರೀಕ್ಷಿಸುತ್ತಿಲ್ಲ, ಎಲ್ಲ ಕೆಲವೇ ಸಾಲಿನಲ್ಲಿ. ಸಾವಿನ ಸುದ್ದಿಗೆ ಕಪ್ಪು ಅರಗು ಬಳಸುತ್ತಿದ್ದರು, ಒಡೆಯುವ ಮೊದಲೇ ತಿಳಿಯಲಿ ಎಂದು. ನೆಂಟರು ನೌಕಾಪಡೆಯಲ್ಲಿದ್ದರೆ ವಿಳಾಸವೇ ತೊಡಕು. 1805ರ ಜನವರಿ 21ರಂದು ತಂದೆ ಬಾತ್‌ನಲ್ಲಿ ತೀರಿಕೊಂಡಾಗ ಜೇನ್ ಅಣ್ಣ ಫ್ರಾನ್ಸಿಸ್‌ಗೆ ಡಂಜನೆಸ್‌ಗೆ ಪತ್ರ ಹಾಕಿದರು. ಹಡಗು ಪೋರ್ಟ್ಸ್‌ಮತ್‌ಗೆ ಹೋಗಿರಬಹುದೆಂದು ಮರುದಿನ ತಿಳಿದಾಗ, ಅದೇ ಸುದ್ದಿಯನ್ನು ಮೊದಲಿಂದ ಇನ್ನೊಮ್ಮೆ ಬರೆದು ಅಲ್ಲಿಗೂ ಕಳಿಸಿದರು.