ಕರೆಂಟ್ ಸೈನ್ಸೋ, ಸುಧಾನೋ: ಪ್ರಬಂಧಕ್ಕೆ ಯಾವುದನ್ನು ನೆಚ್ಚಬೇಕು?

ಕರೆಂಟ್ ಸೈನ್ಸ್ ವಿಜ್ಞಾನದ ಸಂಶೋಧನಾ ಪತ್ರಿಕೆ, ಸುಧಾ ಕನ್ನಡದ ವಾರಪತ್ರಿಕೆ. ಸೆಮಿನಾರ್ ಪ್ರಬಂಧ ಬರೆಯುವವರು ಇವೆರಡರಲ್ಲಿ ಯಾವುದನ್ನು ಹಿಡಿಯಬೇಕೆಂಬುದು ಅದರಿಂದ ಏನು ಬೇಕೆಂಬುದರ ಮೇಲೆ ನಿಂತಿದೆ.

ಮೊದಲು ಲೇಖನದ ಕೊನೆಯ ಪುಟ ತೆರೆಯಿರಿ. 1932ರಿಂದ ಬೆಂಗಳೂರಿನಲ್ಲಿ ಪ್ರಕಟವಾಗುತ್ತಿರುವ ಕರೆಂಟ್ ಸೈನ್ಸ್‌ನ ಸಂಶೋಧನಾ ಲೇಖನದಲ್ಲಿ ಅಲ್ಲಿ ಉಲ್ಲೇಖಗಳ ಪಟ್ಟಿ ಇರುತ್ತದೆ, ಜೊತೆಗೆ ಲೇಖನ ತಲುಪಿದ ದಿನ ಮತ್ತು ಒಪ್ಪಿಗೆಯಾದ ದಿನ. ಆ ಎರಡು ದಿನಾಂಕಗಳ ನಡುವೆಯೇ ಅದೇ ಕ್ಷೇತ್ರದ ತಜ್ಞರು ಲೇಖನ ಓದಿ, ತಪ್ಪು ತೋರಿಸಿ, ತಿದ್ದಿಸಿರುತ್ತಾರೆ. ಲೇಖಕರ ಹೆಸರಿನ ಕೆಳಗೆ ಅವರ ಸಂಸ್ಥೆ, ಅದರಡಿ ಸಾರಾಂಶ. 1965ರಲ್ಲಿ ಶುರುವಾದ ಸುಧಾದಂಥ ವಾರಪತ್ರಿಕೆಯಲ್ಲಿ ಲೇಖನ ಓದಿ ತಿದ್ದುವ ಕೆಲಸ ಸಂಪಾದಕರದು. ಚಿತ್ರ, ಕಥೆ, ಜಾಹೀರಾತುಗಳ ನಡುವೆ ಲೇಖನ ಬರುತ್ತದೆ.

ಐಎಸ್‌ಎಸ್‌ಎನ್ ನೋಡಿ ಮೋಸಹೋಗಬೇಡಿ. ಆ ಎಂಟು ಅಂಕಿಗಳು ಪತ್ರಿಕೆಯ ಗುರುತು ಮಾತ್ರ, ಗುಣಮಟ್ಟದ ಮುದ್ರೆಯಲ್ಲ. ವಾರಪತ್ರಿಕೆಗೂ ಅದು ಸಿಗುತ್ತದೆ. ಇನ್ನೊಂದು ಎಡವಟ್ಟು: ಸಂಶೋಧನಾ ಪತ್ರಿಕೆಯಲ್ಲೂ ಸಂಪಾದಕೀಯ, ಪುಸ್ತಕ ವಿಮರ್ಶೆ, ಸುದ್ದಿ ಇರುತ್ತವೆ. ಅವನ್ನು ಸಂಶೋಧನೆಯೆಂದು ಉಲ್ಲೇಖಿಸಿದರೆ ಮಾರ್ಗದರ್ಶಕರು ಹಿಂದಿರುಗಿಸುವುದು ಸರಿಯೇ.

ಖರ್ಚಿನಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಕರೆಂಟ್ ಸೈನ್ಸ್‌ನ ಹಳೆಯ ಸಂಚಿಕೆಗಳು ಜಾಲತಾಣದಲ್ಲಿ ಉಚಿತ. ಓದುವ ಶ್ರಮ ಮಾತ್ರ ಬೇರೆ. ಅಂಕಿ-ಅಂಶ, ಪ್ರಯೋಗದ ವಿಧಾನ ಬೇಕಿದ್ದರೆ ಸಂಶೋಧನಾ ಪತ್ರಿಕೆಯೇ ಆಗಬೇಕು. ವಿಷಯ ಹೊಸದಾಗಿದ್ದರೆ, ಕನ್ನಡದ ಪದ ಹುಡುಕುತ್ತಿದ್ದರೆ, ಜನ ಅದನ್ನು ಹೇಗೆ ಕಂಡರೆಂದು ತಿಳಿಯಬೇಕಿದ್ದರೆ ವಾರಪತ್ರಿಕೆಯೇ ಒಳ್ಳೆಯ ಆಕರ. ಎರಡರ ನಡುವಿನ ದಾರಿ ಬೇಕೆಂಬ ಪದವಿ ವಿದ್ಯಾರ್ಥಿಗಳಿಗೆ ಭಾರತೀಯ ವಿಜ್ಞಾನ ಅಕಾಡೆಮಿ 1996ರಿಂದ ತರುತ್ತಿರುವ ರೆಸೋನೆನ್ಸ್ ಪತ್ರಿಕೆ ಇದೆ.