ರಾಯಚೂರಿನ ಬಿಸಿಲಿಗೆ ಯಾವ ವಾಲ್ವ್? ಹೆಡ್ ಪ್ರೆಷರ್ ಹಿಡಿಯಲು ಮೂರು ದಾರಿ

ಕೋಲ್ಡ್ ಸ್ಟೋರೇಜ್‌ನಂಥ ಕಡೆಯ ಕೂಲಿಂಗ್ ಮಷೀನ್‌ಗಳ ವಾಟರ್ ಕೂಲ್ಡ್ ಕಂಡೆನ್ಸರ್‌ನಲ್ಲಿ (ಬಿಸಿ ಗ್ಯಾಸನ್ನು ನೀರಿನಿಂದ ತಣಿಸಿ ದ್ರವ ಮಾಡುವ ಭಾಗ) ಹೆಡ್ ಪ್ರೆಷರ್, ಅಂದರೆ ಅದರೊಳಗಿನ ಗ್ಯಾಸ್ ಒತ್ತಡ, ಹಿಡಿದಿಡಲು ನೀರಿನ ಲೈನಿಗೆ ಗೇಟ್ ವಾಲ್ವ್, ನೀರು ತಣಿಸುವ ಟವರ್‌ನ ಫ್ಯಾನ್‌ಗೆ ಪ್ರೆಷರ್ ಸ್ವಿಚ್, ವಾಟರ್ ರೆಗ್ಯುಲೇಟಿಂಗ್ ವಾಲ್ವ್ ಮೂರನ್ನೂ ಬಳಸಿ ನೋಡಿದ್ದೇನೆ. ನನ್ನ ಆಯ್ಕೆ ಮೂರನೆಯದೇ. ಆದರೆ ನಮ್ಮ ಕಡೆಯ ಬೇಸಿಗೆಯಲ್ಲಿ ಅದಕ್ಕೊಂದು ತೊಡಕಿದೆ, ಕೊಳ್ಳುವ ಮೊದಲೇ ತಿಳಿದಿರಬೇಕು.

ಗೇಟ್ ವಾಲ್ವ್ ಅಗ್ಗ, ಆದರೆ ನೀರನ್ನು ಕೈಯಲ್ಲೇ ಹೊಂದಿಸಬೇಕು. ಮೇ ತಿಂಗಳಲ್ಲಿ ಹೊಂದಿಸಿದ್ದು ಡಿಸೆಂಬರ್ ರಾತ್ರಿಗೆ ಹೊಂದುವುದಿಲ್ಲ. ನೀರು 20 ಡಿಗ್ರಿಗೆ ಬಂದರೆ ಹೆಡ್ ಪ್ರೆಷರ್ ಕುಸಿಯುತ್ತದೆ, ಕೂಲಿಂಗ್ ಕಾಯಿಲ್‌ಗೆ ದ್ರವ ಬಿಡುವ ಎಕ್ಸ್‌ಪ್ಯಾನ್ಷನ್ ವಾಲ್ವ್ ಮೂಲಕ ಸಾಕಷ್ಟು ದ್ರವ ದಾಟುವುದಿಲ್ಲ, ಸಕ್ಷನ್ (ಕಂಪ್ರೆಸರ್ ಎಳೆಯುವ ಕಡೆಯ ಪ್ರೆಷರ್) ಇಳಿದು ಲೋ ಪ್ರೆಷರ್ ಕಟೌಟ್ ಬಿದ್ದು ಮಷೀನ್ ನಿಲ್ಲುತ್ತದೆ. ಹಗಲು ರಾತ್ರಿ ಆಪರೇಟರ್ ಇರುವ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ಗೆ ಇದು ನಡೆದೀತು.

ಫ್ಯಾನ್ ಸ್ವಿಚ್ ಕರೆಂಟ್ ಉಳಿಸುತ್ತದೆ. ಒಂದೇ ಟವರ್‌ಗೆ ಮೂರು ನಾಲ್ಕು ಮಷೀನ್ ಇದ್ದರೆ ಯಾವುದರ ಪ್ರೆಷರ್ ನೋಡಿ ಫ್ಯಾನ್ ನಿಲ್ಲಿಸುವುದು ಅನ್ನುವುದೇ ತಕರಾರು.

ರೆಗ್ಯುಲೇಟಿಂಗ್ ವಾಲ್ವ್ ಪ್ರತಿ ಕಂಡೆನ್ಸರ್‌ಗೂ ಬೇರೆ ಬೇರೆ. ಪ್ರೆಷರ್ ಏರಿದರೆ ತೆರೆಯುತ್ತದೆ, ಇಳಿದರೆ ಮುಚ್ಚುತ್ತದೆ, ಕರೆಂಟ್ ಬೇಡ. ವಾಲ್ವ್‌ಗೆ ಪ್ರೆಷರ್ ಮುಟ್ಟಿಸುವ ಸಣ್ಣ ನಳಿಗೆ, ಕ್ಯಾಪಿಲರಿಯನ್ನು, ಕಂಡೆನ್ಸರ್‌ನಲ್ಲಿ ಗ್ಯಾಸ್ ಇರುವ ಮೇಲ್ಭಾಗದಿಂದಲೇ ತೆಗೆಯಿರಿ, ತಳದಿಂದ ತೆಗೆದರೆ ಆಯಿಲ್, ಕೊಳೆ ಕಟ್ಟಿಕೊಳ್ಳುತ್ತದೆ. ರೂಮ್ ಬೆಚ್ಚಗಿದ್ದು ಲೋಡ್ ಪೂರ್ತಿ ಇರುವಾಗ ಗೇಜ್ ಹಾಕಿ, ಸ್ಕ್ರೂ ಕಾಲು ಸುತ್ತು ತಿರುಗಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ಗುರಿ 40 ಡಿಗ್ರಿ ಕಂಡೆನ್ಸಿಂಗ್ (ಗ್ಯಾಸ್ ದ್ರವವಾಗುವ ಬಿಸಿ). ಮಷೀನ್‌ನಲ್ಲಿರುವ ಗ್ಯಾಸ್ ಆರ್-22 ಆದರೆ ಅದಕ್ಕೆ ಸುಮಾರು 208 ಪಿಎಸ್‌ಐ, ಆರ್-404ಎಗೆ ಸುಮಾರು 250.

ಇನ್ನು ತೊಡಕು. ಮಷೀನ್ ನಿಂತಾಗ ಈ ವಾಲ್ವ್ ಮುಚ್ಚಿಕೊಳ್ಳಬೇಕು. ಆದರೆ ನಿಂತ ಕಂಡೆನ್ಸರ್‌ನ ಪ್ರೆಷರ್ ಕೋಣೆಯ ಬಿಸಿಯನ್ನೇ ಹಿಂಬಾಲಿಸುತ್ತದೆ. ಏಪ್ರಿಲ್‌ನಲ್ಲಿ ರಾಯಚೂರಿನ ಪ್ಲಾಂಟ್ ರೂಮ್ 43 ಡಿಗ್ರಿ ಮುಟ್ಟಿತೆಂದರೆ ಆರ್-404ಎ ಸುಮ್ಮನೆ ನಿಂತಲ್ಲೇ ಸುಮಾರು 270ಕ್ಕೆ ಏರುತ್ತದೆ. 250ರ ಆಸುಪಾಸಿಗೆ ಹೊಂದಿಸಿದ ವಾಲ್ವ್ ಆಗ ಬಾಯಿ ತೆರೆದು, ಕಂಪ್ರೆಸರ್ ನಿಂತಿದ್ದರೂ ನೀರು ಬಿಡುತ್ತದೆ. ಓವರ್‌ಹೆಡ್ ಟ್ಯಾಂಕ್‌ನಿಂದ ನೀರು ಕೊಟ್ಟು ಹೊರಗೆ ಬಿಡುವ ಮಷೀನ್ ಆದರೆ ಬೆಳಗಾಗುವಷ್ಟರಲ್ಲಿ ಟ್ಯಾಂಕ್ ಬರಿದು.

ಕೆಲವರು ಸ್ಕ್ರೂ ತಿರುಗಿಸಿ, ವಾಲ್ವ್ ಮುಚ್ಚುವ ಪ್ರೆಷರನ್ನು 270ರ ಮೇಲಕ್ಕೆ ಏರಿಸುತ್ತಾರೆ. ಕೈಪಿಡಿಯ ನಿಯಮವೂ ಅದೇ, ತಂಪು ಊರಿಗೆ ಅದು ಸರಿ. ಇಲ್ಲಿ ಹಾಗೆ ಮಾಡಿದರೆ ಓಡುವಾಗಿನ ಪ್ರೆಷರ್ 290 ದಾಟುತ್ತದೆ. ಕಂಡೆನ್ಸಿಂಗ್ ಒಂದು ಡಿಗ್ರಿ ಏರಿದರೆ ಕರೆಂಟ್ ಹೆಚ್ಚುಕಡಿಮೆ ಶೇ. 2-3 ಜಾಸ್ತಿ, ಇಡೀ ವರ್ಷ ಆ ದಂಡ ಯಾಕೆ ಕಟ್ಟಬೇಕು? ವಾಲ್ವ್ 250ಕ್ಕೇ ಇರಲಿ, ಅದೇ ನೀರಿನ ಲೈನಿನಲ್ಲಿ ಕಂಪ್ರೆಸರ್ ಕಾಂಟ್ಯಾಕ್ಟರ್ (ಅದಕ್ಕೆ ಕರೆಂಟ್ ಕೊಡುವ ಸ್ವಿಚ್) ಜತೆ ತೆರೆಯುವ ಸೊಲೆನಾಯ್ಡ್, ಅಂದರೆ ಕರೆಂಟ್‌ನಿಂದ ತೆರೆಯುವ ವಾಲ್ವ್, ಹಾಕಿ. ನಿಧಾನ ಮುಚ್ಚುವಂಥದ್ದೇ ತನ್ನಿ, ಇಲ್ಲದಿದ್ದರೆ ಪೈಪ್ ಬಡಿದುಕೊಳ್ಳುತ್ತದೆ. ಪಂಪ್ ಕಂಪ್ರೆಸರ್ ಜತೆಯೇ ನಿಲ್ಲುವ ಟವರ್ ಲೈನಿಗೆ ಸೊಲೆನಾಯ್ಡ್ ಬೇಡ. ಆದರೆ ವಾಲ್ವ್ ಮುಚ್ಚಿದಾಗ ಪಂಪ್ ಮುಚ್ಚಿದ ಲೈನಿಗೇ ನೀರು ತಳ್ಳದಂತೆ ಬೈಪಾಸ್ (ನೀರು ಬಳಸಿ ಹೋಗುವ ಪಕ್ಕದ ಲೈನ್) ಅಥವಾ ತ್ರೀ-ವೇ ವಾಲ್ವ್ ಬೇಕೇಬೇಕು.

ರೆಗ್ಯುಲೇಟಿಂಗ್ ವಾಲ್ವನ್ನು, ನೀರು ಬರುವ ಕಡೆ ಸ್ಟ್ರೇನರ್ (ಕಸ ಹಿಡಿಯುವ ಜಾಲರಿ) ಇಲ್ಲದೆ ಹಾಕಲೇಬೇಡಿ.

ಬಜೆಟ್ ಇಲ್ಲದಿದ್ದರೆ, ಗೇಜ್ ನೋಡುವ ಕೈ ಇದ್ದರೆ ಗೇಟ್ ವಾಲ್ವೇ ಇರಲಿ. ಆಪರೇಟರ್ ಇಲ್ಲದ ಕಡೆ ನಾನು ರೆಗ್ಯುಲೇಟಿಂಗ್ ವಾಲ್ವ್ ಬಿಟ್ಟು ಬೇರೆ ಹಾಕುವುದಿಲ್ಲ. ಅದು ಪೂರ್ತಿ ತೆರೆದಿದ್ದೂ ಪ್ರೆಷರ್ ಇಳಿಯದಿದ್ದರೆ ಸ್ಕ್ರೂ ಮುಟ್ಟಬೇಡಿ. ಹೊರಬರುವ ನೀರಿಗೂ ಕಂಡೆನ್ಸಿಂಗ್‌ಗೂ 5 ಡಿಗ್ರಿಯಷ್ಟಿದ್ದ ಅಂತರ 9-10 ಆಗಿದ್ದರೆ ಬೋರ್ ನೀರಿನ ಸುಣ್ಣ ಟ್ಯೂಬಿಗೆ ಕಟ್ಟಿರಬಹುದು. ಅದಲ್ಲದೆ ಗ್ಯಾಸಿನ ಜತೆ ಗಾಳಿ ಸೇರಿದೆಯೇ ಎಂದು ನೋಡಲು ಕಂಪ್ರೆಸರ್ ನಿಲ್ಲಿಸಿ, ನೀರು ಮಾತ್ರ ಹರಿಸಿ. ಒಳಹೋಗುವ, ಹೊರಬರುವ ನೀರು ಒಂದೇ ಬಿಸಿಗೆ ಬಂದ ಮೇಲೂ ಆ ಬಿಸಿಗೆ ಗ್ಯಾಸಿನ ಪ್ರೆಷರ್ ಚಾರ್ಟ್ ಹೇಳುವುದಕ್ಕಿಂತ ಗೇಜ್ ಮೇಲಿದ್ದರೆ ಗಾಳಿ ಇದೆ, ಪರ್ಜ್ ಮಾಡಿ ಅದನ್ನು ಹೊರಗೆ ಬಿಡಬೇಕು. ಚಾರ್ಟಿಗೆ ಸರಿಹೊಂದಿದರೆ ಕಂಡೆನ್ಸರ್ ಕವರ್ ಬಿಚ್ಚಿ ಟ್ಯೂಬ್‌ಗೆ ಬ್ರಷ್ ಹಾಕಿ.